ಊದದೆ ಮಾಡಿದ ಬಟ್ಟಲು

ನಿಪ್ಪಾಣಿಯವರಿಗೆ ಕೊಲ್ಲಾಪುರವೆಂದರೆ ಅಂಬಾಬಾಯಿ ದರ್ಶನ, ಚಪ್ಪಲಿ, ಪೇಟೆಯ ಕೆಲಸ. ಹಳೆಯ ಗಾಜಿನ ಗೀಳು ಹತ್ತಿದವರು ಮಾತ್ರ ಟೌನ್ ಹಾಲ್ ವಸ್ತುಸಂಗ್ರಹಾಲಯದ ಕಡೆಗೂ ಹೊರಳುತ್ತಾರೆ; ಬ್ರಹ್ಮಪುರಿಯಲ್ಲಿ ಸಿಕ್ಕ ವಸ್ತುಗಳಿರುವುದು ಅಲ್ಲೇ.

ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬವನ್ನು 1944–45ರಲ್ಲಿ ಅಗೆಸಿದವರು ಕನ್ನಡದ ವಿದ್ವಾಂಸ ಪ್ರೊ. ಕೆ.ಜಿ. ಕುಂದಣಗಾರ. ಗೋಕಾಕ ಸೀಮೆಯ ಕೌಜಲಗಿಯವರು, ರಾಜಾರಾಮ ಕಾಲೇಜಿನಲ್ಲಿ ಮೇಷ್ಟ್ರು. ಗ್ರೀಕರ ಕಡಲದೇವರು ಪೊಸೈಡಾನನ ಪುಟ್ಟ ಕಂಚಿನ ಮೂರ್ತಿ, ರೋಮನ್ನರ ಕಂಚಿನ ಪಾತ್ರೆಗಳು ಅಲ್ಲಿ ಸಿಕ್ಕವು. ಮರುವರ್ಷ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಉತ್ಖನನ ಮುಂದುವರಿಸಿದರು. ಈ ದೀಕ್ಷಿತರೇ ಮುಂದೆ ಭಾರತದ ಗಾಜಿನ ಇತಿಹಾಸ ಬರೆದವರು. ಪುಸ್ತಕ ಬಂದದ್ದು 1969ರಲ್ಲಿ.

ಕಂಚು ಬಂದ ಕಡಲದಾರಿಯಲ್ಲೇ ಗಾಜೂ ಬರುತ್ತಿತ್ತು. ಕ್ರಿ.ಶ. ಒಂದನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಕಡಲಯಾನದ ಕೈಪಿಡಿ, ಭರೂಚ್ ಮತ್ತು ಮುಜಿರಿಸ್ ಬಂದರುಗಳಲ್ಲಿ ಇಳಿಯುತ್ತಿದ್ದ ಸರಕಿನಲ್ಲಿ ಕಚ್ಚಾ ಗಾಜನ್ನೂ ಹೆಸರಿಸುತ್ತದೆ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಮೆಡಿಟರೇನಿಯನ್ ಕಡೆಯ ಏಣುಬಟ್ಟಲುಗಳ ಚೂರುಗಳೇ ಸಿಕ್ಕಿವೆ.

ಏಣುಬಟ್ಟಲಿನ ಸೊಗಸಿರುವುದು ಅದರ ಮೈಮೇಲೆ. ಬುಡದಿಂದ ಕಂಠದ ಹತ್ತಿರದವರೆಗೆ ಸಾಲಾಗಿ ಉಬ್ಬಿದ ಏಣುಗಳು. ಅವುಗಳ ಮೇಲೆ ನುಣುಪಾದ ಅಂಚು. ಇದನ್ನು ಊದಿ ಮಾಡಿದ್ದಲ್ಲ. ಮರಳು, ಈಜಿಪ್ಟಿನ ನೇಟ್ರಾನ್ ಎಂಬ ಸೋಡಾ ಖನಿಜ ಮತ್ತು ಮರಳಲ್ಲೇ ಇರುತ್ತಿದ್ದ ಚಿಪ್ಪಿನ ಸುಣ್ಣ ಸೇರಿ ಗಾಜಾಗುತ್ತಿತ್ತು. ಕರಗಿದ ಗಾಜನ್ನು ಹೋಳಿಗೆಯಂತೆ ದುಂಡಗೆ ಹರಡಿ, ಬಿಸಿ ಆರುವ ಮೊದಲೇ ಅದರ ಮೇಲೆ ಏಣು ಎಬ್ಬಿಸುತ್ತಿದ್ದರು. ಆ ಬಿಲ್ಲೆಯನ್ನು ಬೋರಲು ಹಾಕಿದ ಅಚ್ಚಿನ ಮೇಲಿಟ್ಟು ಮತ್ತೆ ಕಾಯಿಸಿದರೆ, ಗಾಜು ತನ್ನ ಭಾರಕ್ಕೆ ತಾನೇ ಬಾಗಿ ಬಟ್ಟಲಾಗುತ್ತಿತ್ತು. ನಮ್ಮ ಕಾಲದಲ್ಲಿ ಇಂಗ್ಲೆಂಡಿನ ಇಬ್ಬರು ಕುಶಲಕರ್ಮಿಗಳು, ಮಾರ್ಕ್ ಟೇಲರ್ ಮತ್ತು ಡೇವಿಡ್ ಹಿಲ್, ಹಳೆಯ ವಿಧಾನಗಳನ್ನು ಕುಲುಮೆಯ ಮುಂದೆ ಮಾಡಿ ನೋಡಿದರು. ಕುಂಬಾರನ ತಿಗರಿಯಂಥ ಚಕ್ರ ತಿರುಗುತ್ತಿರುವಾಗ ಬಿಸಿ ಗಾಜನ್ನು ಚಿವುಟಿಯೂ ಏಣು ಎಬ್ಬಿಸಬಹುದೆಂದು ಅವರು ತೋರಿಸಿಕೊಟ್ಟಿದ್ದಾರೆ.

ಚೂರು ಎದುರಿಗೆ ಬಂದಾಗ ಒಳಮೈ ಮೊದಲು ನೋಡಬೇಕು. ಅಚ್ಚಿಗೆ ತಾಗಿದ್ದ ಆ ಭಾಗ ಒರಟಾಗಿರುತ್ತಿದ್ದರಿಂದ ಅದನ್ನೂ ಅಂಚನ್ನೂ ಚಕ್ರದ ಮೇಲೆ ಉಜ್ಜಿ ನಯ ಮಾಡುತ್ತಿದ್ದರು. ಒಳಗೆ ಒಂದೆರಡು ಸುತ್ತುಗೆರೆಯನ್ನೂ ಕೊರೆಯುವುದಿತ್ತು. ಹೊರಗಿನ ಏಣುಗಳಿಗೆ ಮಾತ್ರ ಬೆಂಕಿ ಕೊಟ್ಟ ಹೊಳಪೇ ಉಳಿದಿರುತ್ತದೆ. ತಿಳಿಹಸಿರು ಛಾಯೆ ಮರಳಿನಲ್ಲಿದ್ದ ಕಬ್ಬಿಣದ್ದು. ಕಡುನೀಲಿ ಕಂಡರೆ ಕೋಬಾಲ್ಟ್ ಬೆರೆತಿದೆಯೆಂದೇ ಲೆಕ್ಕ.

ಕ್ರಿ.ಪೂ. ಒಂದನೇ ಶತಮಾನದಲ್ಲಿ ಸಿರಿಯಾ–ಪ್ಯಾಲೆಸ್ಟೀನ್ ಕಡೆ ಊದುಕೊಳವೆ ಬಳಕೆಗೆ ಬಂತು. ಆಮೇಲಿನ ನೂರು ವರ್ಷಗಳಲ್ಲಿ ಗಾಜು ಅಗ್ಗವಾಯಿತು, ಏಣುಬಟ್ಟಲು ಹಿಂದೆ ಬಿತ್ತು. ನಮ್ಮ ಕಡೆಯ ಕುಲುಮೆಗಳ ಒಲವು ಮಾತ್ರ ಮಣಿ, ಬಳೆಗಳ ಮೇಲೇ. ಬ್ರಹ್ಮಪುರಿಯ ಬಹಮನಿ ಕಾಲದ ಪದರಗಳಲ್ಲೂ ಬಣ್ಣಬಣ್ಣದ ಗಾಜಿನ ಬಳೆಗಳ ತುಂಡುಗಳು ಸಿಕ್ಕಿವೆ.