ನಗುವ ಸಹೃದಯ: ಜಪಾನಿನ ಪ್ರಣಯ ಚಿತ್ರಮಾಲೆಗಳೂ ಒಂದು ಟಿಪ್ಪಣಿ ಪುಸ್ತಕವೂ

ಶೃಂಗಾರದಿಂದ ಹಾಸ್ಯವು ಹುಟ್ಟುತ್ತದೆಂದು ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ರೌದ್ರದಿಂದ ಕರುಣ, ವೀರದಿಂದ ಅದ್ಭುತ, ಬೀಭತ್ಸದಿಂದ ಭಯಾನಕ ಎಂದು ಮುಂದುವರಿಯುವ ಆ ಸಾಲನ್ನು ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೇ. ಬಾಯಿಪಾಠ ಮಾಡಿದ್ದು ಹೆಚ್ಚು, ವಿಚಾರ ಮಾಡಿದ್ದು ಕಡಮೆ. ಪ್ರೀತಿಯಂಥ ಗಂಭೀರ ವಸ್ತುವಿನಿಂದ ನಗೆ ಏಕೆ ಹುಟ್ಟಬೇಕು? ಹುಟ್ಟಿದ ನಗೆ ತನ್ನ ತಾಯಿಯನ್ನು ಕೊಲ್ಲುವುದೋ, ಸಾಕುವುದೋ? ಈ ಪ್ರಶ್ನೆಯನ್ನು ನಮ್ಮ ಮುಂದೆ ಮತ್ತೆ ತಂದಿಟ್ಟದ್ದು ಯಾವ ಪಂಡಿತರ ಗ್ರಂಥವೂ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಇನ್ನೂರು ಪುಟದ ಟಿಪ್ಪಣಿ ಪುಸ್ತಕ.

ಆಕೆ ಜಪಾನಿನ ‘ಅನಿಮೆ’ಗಳ ಭಕ್ತೆ. ಅನಿಮೆ ಎಂದರೆ ಅನಿಮೇಷನ್ ಎಂಬ ಶಬ್ದವನ್ನು ಜಪಾನೀಯರು ಮೊಟಕು ಮಾಡಿಕೊಂಡ ರೂಪ. ಚಲಿಸುವ ಚಿತ್ರಗಳಲ್ಲಿ ಹೇಳಿದ ಕಥೆ. ೧೯೬೩ರ ಜನವರಿಯಲ್ಲಿ ಒಸಾಮು ತೆಝುಕಾ ಅವರ ‘ತೆತ್ಸುವಾನ್ ಆತೊಮು’ ದೂರದರ್ಶನದಲ್ಲಿ ವಾರಕ್ಕೊಂದು ಕಂತಿನಂತೆ ಬರತೊಡಗಿದಂದಿನಿಂದ ಇದು ಆ ದೇಶದಲ್ಲಿ ದೊಡ್ಡ ಕಲೆಯಾಗಿ ಬೆಳೆಯಿತು. ಅದರಲ್ಲಿ ಪ್ರಣಯಕಥೆಗಳದೇ ಒಂದು ಶಾಖೆ. ಆಕೆ ಇವನ್ನು ನೋಡುತ್ತ, ಕಂತು ಕಂತಿಗೂ ತನಗೆ ತೋಚಿದ್ದನ್ನು ಬರೆದಿಟ್ಟಿದ್ದಾಳೆ. “ಸಾರ್, ನೀವು ಬೈಯಬಾರದು” ಎಂದು ಮುಂಚಿತವಾಗಿಯೇ ಕರಾರು ಮಾಡಿಕೊಂಡು ಪುಸ್ತಕವನ್ನು ಕೊಟ್ಟಳು. ಬೈಯಬೇಕೆಂದೇ ತೆರೆದೆವು, ಓದಿ ನಕ್ಕೆವು, ಆಮೇಲೆ ಮೂಲವನ್ನೇ ನೋಡತೊಡಗಿದೆವು.

ಆಕೆಯ ಧಾಟಿಗೆ ಒಂದೆರಡು ಉದಾಹರಣೆಗಳನ್ನು ಅವಳ ಒಪ್ಪಿಗೆಯಿಂದ ಕೊಡುತ್ತೇವೆ. ಈ ಕಥೆಗಳಲ್ಲಿ ನಾಯಕನು ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ಗಳಿಗೆಯಲ್ಲಿಯೇ ಆಕಾಶದಲ್ಲಿ ಬಾಣಬಿರುಸು ಸಿಡಿಯುತ್ತದೆ, ಇಲ್ಲವೇ ರೈಲು ಹಾದುಹೋಗುತ್ತದೆ. ನಾಯಕಿಗೆ ಏನೂ ಕೇಳಿಸುವುದಿಲ್ಲ. ಅದಕ್ಕೆ ಅವಳ ಟಿಪ್ಪಣಿ: “ಜಪಾನಿನ ಪಟಾಕಿಯವರನ್ನೂ ರೈಲ್ವೆಯವರನ್ನೂ ಒಟ್ಟಿಗೆ ಕೂರಿಸಿ ಮಾತಾಡಬೇಕು. ಐದು ನಿಮಿಷ ಸುಮ್ಮನಿದ್ದರೆ ಇಪ್ಪತ್ತು ಕಂತು ಉಳಿಯುತ್ತದೆ.” ಇನ್ನೊಂದು ಕಡೆ: “ಹನ್ನೊಂದನೆಯ ಕಂತು. ಕೈಗೆ ಕೈ ತಾಗಿತು. ಇಬ್ಬರೂ ಕೆಂಪಾದರು. ನಮ್ಮ ಬಸ್ಸಿನಲ್ಲಿ ದಿನಕ್ಕೆ ನಲವತ್ತು ಕೈ ತಾಗುತ್ತದೆ. ಕೆಂಪಾಗುವುದು ಕಂಡಕ್ಟರು ಮಾತ್ರ.”

ಇದು ರಸಭಂಗವಲ್ಲವೇ ಎಂದು ಕೇಳುವವರುಂಟು. ನಾವೂ ಮೊದಲು ಹಾಗೆಯೇ ಎಣಿಸಿದೆವು. ಆದರೆ ಯಾರು ನಗುತ್ತಾರೆ, ಎಲ್ಲಿ ನಿಂತು ನಗುತ್ತಾರೆ ಎಂಬುದನ್ನು ಗಮನಿಸದೆ ತೀರ್ಪು ಕೊಡಬಾರದು. ಹನ್ನೊಂದು ಕಂತುಗಳನ್ನು ಬಿಡದೆ ನೋಡಿದವಳೇ ಹನ್ನೊಂದನೆಯ ಕಂತಿಗೆ ನಗಬಲ್ಲಳು. ಬೇಸರಗೊಂಡವನು ಎದ್ದು ಹೋಗುತ್ತಾನೆ. ಅವನಿಗೆ ನಗೆಯ ಹಂಗಿಲ್ಲ. ಜಪಾನಿನಲ್ಲಿ ‘ಮಂಝಾಯ್’ ಎಂಬ ಇಬ್ಬರ ಹಾಸ್ಯಕಲೆಯೊಂದಿದೆ. ಅದರಲ್ಲಿ ಒಬ್ಬನು ಪೆದ್ದು ಮಾತಾಡುವವನು, ಅವನು ‘ಬೊಕೆ’. ಇನ್ನೊಬ್ಬನು ಆ ಪೆದ್ದುತನವನ್ನು ಥಟ್ಟನೆ ತಿದ್ದುವವನು, ಅವನು ‘ತ್ಸುಕ್ಕೊಮಿ’. ಇಬ್ಬರೂ ಸೇರಿದರೆ ಮಾತ್ರ ಆಟ. ಪ್ರಣಯಚಿತ್ರದ ನಾಯಕನು ಬೊಕೆಯಾದರೆ, ನೋಡುವವಳು ತ್ಸುಕ್ಕೊಮಿ. ಆದುದರಿಂದ ಅವಳ ನಗೆ ಆಟಕ್ಕೆ ಹೊರಗಿನದಲ್ಲ.

ನಮ್ಮ ನಾಟಕಪರಂಪರೆಯಲ್ಲಿಯೂ ಈ ಸ್ಥಾನಕ್ಕೆ ಒಬ್ಬ ಪಾತ್ರಧಾರಿಯಿದ್ದಾನೆ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಪ್ರೇಮವನ್ನು ಗೇಲಿ ಮಾಡುವವನು ವಿದೂಷಕ ಮಾಧವ್ಯ. ರಾಜನ ಪ್ರೀತಿಯನ್ನು ಮೊದಲು ಕೇಳಿಸಿಕೊಳ್ಳುವವನೂ ಅವನೇ ಎಂಬುದನ್ನು ಮರೆಯಬಾರದು. ಗೇಲಿ ಮಾಡುವ ಅಧಿಕಾರ ಅವನಿಗೆ ಬಂದದ್ದು ಸ್ನೇಹದಿಂದ. ಆ ಮಾತಿಗೆ ಮುಂದೆ ಬರೋಣ.

ಈಗ ಕೃತಿಗಳ ಕಡೆಗೆ. ರುಮಿಕೊ ತಕಹಾಶಿ ಎಂಬ ಲೇಖಕಿಯ ‘ಮೆಝೋನ್ ಇಕ್ಕೊಕು’ ೧೯೮೦ರಿಂದ ೧೯೮೭ರ ವರೆಗೆ ಚಿತ್ರಕಥೆಯಾಗಿ ಪ್ರಕಟವಾಯಿತು; ೧೯೮೬ರಿಂದ ೧೯೮೮ರ ವರೆಗೆ ೯೬ ಕಂತುಗಳ ಅನಿಮೆಯಾಗಿ ಬಂದಿತು. ಹಳೆಯದೊಂದು ಬಾಡಿಗೆಮನೆ, ಅಲ್ಲಿನ ಐದನೆಯ ಕೋಣೆಯಲ್ಲಿ ಗೊದಾಯ್ ಎಂಬ, ಕಾಲೇಜಿನ ಪ್ರವೇಶಪರೀಕ್ಷೆಯಲ್ಲಿ ಸೋತ ಹುಡುಗ. ಮನೆಯ ಮೇಲ್ವಿಚಾರಣೆಗೆ ಬರುವವಳು ಕ್ಯೊಕೊ ಎಂಬ ಎಳೆಯ ವಿಧವೆ. ತೀರಿಹೋದ ಗಂಡ ಅವಳು ಓದಿದ ಶಾಲೆಯಲ್ಲಿಯೇ ಪಾಠ ಹೇಳುತ್ತಿದ್ದವನು. ಅವಳ ನಾಯಿಗೂ ಆ ಗಂಡನ ಹೆಸರೇ. ನೆರೆಕೋಣೆಗಳವರ ಹೆಸರುಗಳಲ್ಲಿ ಅವರವರ ಕೋಣೆಯ ಅಂಕಿಯೇ ಅಡಗಿದೆ: ಇಚಿನೊಸೆಯಲ್ಲಿ ಒಂದು, ಯೊತ್ಸುಯಾದಲ್ಲಿ ನಾಲ್ಕು, ಗೊದಾಯ್‌ಯಲ್ಲಿ ಐದು, ರೊಪ್ಪೊಂಗಿಯಲ್ಲಿ ಆರು. ಗೊದಾಯ್ ಓದಲು ಕುಳಿತಾಗಲೇ ಇವರೆಲ್ಲ ಅವನ ಕೋಣೆಗೆ ನುಗ್ಗಿ ಕುಡಿದು ಕುಣಿಯುತ್ತಾರೆ. “ಮದುವೆಮನೆಯ ಅಡಿಗೆಕೋಣೆಯಲ್ಲಿ ಕೂತು ಲೆಕ್ಕ ಮಾಡಿದಂತೆ” ಎಂದು ನಮ್ಮ ಟಿಪ್ಪಣಿಕಾರ್ತಿ ಬರೆದಿದ್ದಾಳೆ.

ಈ ನೆರೆಯವರು ಯಾರೆಂದು ಯೋಚಿಸಿದರೆ ತಕಹಾಶಿಯವರ ಜಾಣ್ಮೆ ತಿಳಿಯುತ್ತದೆ. ಇವರು ಕಥೆಯೊಳಗೇ ಕುಳಿತಿರುವ ಪ್ರೇಕ್ಷಕರು. ಗೊದಾಯ್‌ಯ ಪ್ರೀತಿಯನ್ನು ಹಾಸ್ಯ ಮಾಡಿ ಅವನನ್ನು ಹಣ್ಣು ಮಾಡುವವರು ಇವರೇ. ಆ ಪ್ರೀತಿ ಕೈಗೂಡಬೇಕೆಂದು ಹಂಬಲಿಸುವವರೂ ಇವರೇ. ಕೊನೆಯಲ್ಲಿ ಗೊದಾಯ್ ಮಕ್ಕಳನ್ನು ನೋಡಿಕೊಳ್ಳುವ ಶಾಲೆಯ ಉಪಾಧ್ಯಾಯನಾಗುತ್ತಾನೆ. ಮದುವೆಗೆ ಮುನ್ನ ಕ್ಯೊಕೊಳ ಮೊದಲ ಗಂಡನ ಸಮಾಧಿಯ ಮುಂದೆ ನಿಂತು, ನಿನ್ನ ನೆನಪಿನೊಡನೆಯೇ ಇವಳನ್ನು ಸ್ವೀಕರಿಸುತ್ತೇನೆ ಎಂಬರ್ಥದ ಮಾತಾಡುತ್ತಾನೆ. ೯೦ಕ್ಕೂ ಹೆಚ್ಚು ಕಂತು ಅವನನ್ನು ನೋಡಿ ನಕ್ಕವರಿಗೆ ಮಾತ್ರ ಆ ಮಾತಿನ ತೂಕ ತಿಳಿಯುತ್ತದೆ. ನಗೆ ಇಲ್ಲದಿದ್ದರೆ ಅವನೊಬ್ಬ ಭಾಷಣಕಾರನಾಗಿ ಕಾಣುತ್ತಿದ್ದನು.

ಇಲ್ಲಿ ಒಂದು ಭಾಷೆಯ ಸೂಕ್ಷ್ಮವನ್ನು ಹೇಳಬೇಕು. ಗೊದಾಯ್ ಬಹುಕಾಲ ಆಕೆಯನ್ನು ‘ಕಾನ್ರಿನಿನ್-ಸಾನ್’ ಎಂದೇ ಕರೆಯುತ್ತಾನೆ. ಮೇಲ್ವಿಚಾರಕರೇ ಎಂಬಷ್ಟೇ ಅದರ ಅರ್ಥ, ಹೆಸರಲ್ಲ, ಹುದ್ದೆ. ಜಪಾನಿಯಲ್ಲಿ ಹೆಸರಿನ ಹಿಂದೆ ಸೇರುವ ಸಾನ್, ಕುನ್, ಚಾನ್ ಎಂಬ ಪ್ರತ್ಯಯಗಳು ಬದಲಾದರೆ, ಅಥವಾ ಮನೆತನದ ಹೆಸರು ಬಿಟ್ಟು ಸ್ವಂತ ಹೆಸರನ್ನು ಹಿಡಿದರೆ, ಕಥೆ ಒಂದು ಹೊಸ್ತಿಲು ದಾಟಿತೆಂದೇ ಲೆಕ್ಕ. ಇಂಗ್ಲಿಷ್ ಅಡಿಬರಹದಲ್ಲಿ ಇದು ಕಾಣುವುದು ಕಷ್ಟ. ‘ನೀವು’ ‘ನೀನು’ ಆದ ದಿನದ ಅರ್ಥ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ‘ಈರ್’ ‘ಈ’ ಆದ ದಿನದ ಅರ್ಥ ತುಳುವರಿಗೂ ಗೊತ್ತು. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಮಾತಾಡಿ ಬೆಳೆಯುವ ನಮ್ಮ ಗಡಿನಾಡಿನ ಮಕ್ಕಳು ಇಂಥ ದಾಟುಗಳನ್ನು ಕಿವಿಯಲ್ಲಿಯೇ ಹಿಡಿಯುತ್ತಾರೆ. “ಇವತ್ತು ಹೆಸರು ಹಿಡಿದು ಕರೆದ! ಸಿಹಿ ಹಂಚಿ” ಎಂಬ ಆಕೆಯ ಟಿಪ್ಪಣಿ ತಮಾಷೆಯೂ ಹೌದು, ಶುದ್ಧ ಭಾಷಾವಿಮರ್ಶೆಯೂ ಹೌದು.

ಎರಡನೆಯದು ‘ತೊರದೊರ’. ಯುಯುಕೊ ತಕೆಮಿಯಾ ಅವರ ಕಾದಂಬರಿಮಾಲೆಯಿಂದ ೨೦೦೮–೦೯ರಲ್ಲಿ ತಾತ್ಸುಯುಕಿ ನಾಗಾಯ್ ನಿರ್ದೇಶಿಸಿದ ೨೫ ಕಂತುಗಳು. ನಾಯಕಿ ತಾಯ್ಗಾ, ಅವಳ ಹೆಸರಿನ ಸದ್ದಿನಲ್ಲಿ ಹುಲಿ ಇದೆ. ನಾಯಕ ರ್ಯೂಜಿ, ಅವನ ಹೆಸರಿನಲ್ಲಿ ಡ್ರಾಗನ್ ಇದೆ. ಹುಲಿಯೂ ಡ್ರಾಗನ್ನೂ ಪೂರ್ವದೇಶದ ಚಿತ್ರಕಲೆಯಲ್ಲಿ ಸರಿಜೋಡಿ. ತಾಯ್ಗಾ ಇನ್ನೊಬ್ಬನಿಗೆಂದು ಬರೆದ ಪ್ರೇಮಪತ್ರವನ್ನು ತಪ್ಪಿ ರ್ಯೂಜಿಯ ಚೀಲದಲ್ಲಿಡುತ್ತಾಳೆ. ಅದನ್ನು ಕಸಿದುಕೊಳ್ಳಲು ರಾತ್ರಿ ಮರದ ಕತ್ತಿ ಹಿಡಿದು ಅವನ ಮನೆಗೆ ನುಗ್ಗುತ್ತಾಳೆ. ನೋಡಿದರೆ ಲಕೋಟೆಯೊಳಗೆ ಕಾಗದವೇ ಇಲ್ಲ, ಇಡಲು ಮರೆತಿದ್ದಾಳೆ. ಅಷ್ಟರಲ್ಲಿ ಅವಳ ಹೊಟ್ಟೆ ಗುರುಗುಟ್ಟುತ್ತದೆ. ಅವನು ಅನ್ನ ಹುರಿದು ಬಡಿಸುತ್ತಾನೆ. “ವಿಳಾಸ ತಪ್ಪು, ಒಳಗೆ ಖಾಲಿ, ಆದರೂ ಸರಿಯಾದ ಮನೆಗೇ ತಲುಪಿತು. ನಮ್ಮ ಅಂಚೆಯವರಿಗೂ ಇದು ಆಗದು” ಎಂದು ಟಿಪ್ಪಣಿ. ಕಥೆಯ ಸಾರವೆಲ್ಲ ಈ ನಗೆಮಾತಿನಲ್ಲಿ ಬಂದುಬಿಟ್ಟಿದೆ.

ಇದೇ ಕೃತಿಯ ೧೯ನೆಯ ಕಂತಿನಲ್ಲಿ ಕ್ರಿಸ್‌ಮಸ್ ರಾತ್ರಿ ಒಂಟಿಯಾಗಿರುವ ತಾಯ್ಗಾಳನ್ನು ನಗಿಸಲು ರ್ಯೂಜಿ ಕರಡಿಯ ವೇಷ ಹಾಕಿ ಬರುತ್ತಾನೆ. ಅವಳು ನಗುತ್ತಾಳೆ. ಅವನು ಮೆಚ್ಚಿದ ಹುಡುಗಿಯ ಬಳಿಗೆ ಹೋಗೆಂದು ತಾನೇ ಅವನನ್ನು ಕಳಿಸುತ್ತಾಳೆ. ಅವನು ಹೋದ ಮೇಲೆ ತನ್ನ ಮನಸ್ಸು ತನಗೆ ತಿಳಿದು, ಬರಿಗಾಲಲ್ಲಿ ಬೀದಿಗೋಡಿ ಅಳುತ್ತಾಳೆ. ಭರತನ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ದೊರೆಯುತ್ತದೆ. ಹಾಸ್ಯ ಹುಟ್ಟಿದ್ದು ಶೃಂಗಾರದಿಂದಲೇ. ಆದರೆ ಮಗುವಿನ ಮುಖ ನೋಡಿದ ಮೇಲೆಯೇ ತಾಯಿ ಯಾರೆಂದು ಗೊತ್ತಾಗುವುದು. ಅವಳು ನಕ್ಕದ್ದರಿಂದಲೇ ತಾನು ಪ್ರೀತಿಸಿದ್ದು ಯಾರನ್ನೆಂದು ಅವಳಿಗೆ ತಿಳಿಯಿತು.

ಮೂರನೆಯದು, ತಾತ್ಸುಯಾ ಇಶಿಹಾರಾ ನಿರ್ದೇಶನದ ‘ಕ್ಲಾನಾಡ್’ ಮತ್ತು ೨೦೦೮–೦೯ರ ಅದರ ಉತ್ತರಭಾಗ. ಇಲ್ಲಿ ನಾಯಕಿಯ ತಾಯಿ ಸನಾಯೆ ರೊಟ್ಟಿ ಸುಡುವವಳು. ಅವಳ ಹೊಸ ರೊಟ್ಟಿಗಳು ಬಾಯಿಗಿಡಲಾಗದಂಥವು. ಯಾರಾದರೂ ಹಾಗೆಂದರೆ ಅಳುತ್ತ ಓಡುತ್ತಾಳೆ. ಗಂಡನು ಆ ರೊಟ್ಟಿಯನ್ನೇ ಬಾಯಿಗೆ ತುರುಕಿಕೊಂಡು, ನನಗೆ ಬಹಳ ಇಷ್ಟ ಎಂದು ಕೂಗುತ್ತ ಹಿಂದೆ ಓಡುತ್ತಾನೆ. ಇದನ್ನು ಎಷ್ಟು ಬಾರಿ ತೋರಿಸಿದರೂ ನಗೆ ಬರುತ್ತದೆ. ಉತ್ತರಭಾಗದಲ್ಲಿ ನಾಯಕಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ನಾಯಕ ತೊಮೊಯಾ ದುಃಖದಲ್ಲಿ ಮಗಳನ್ನು ಐದು ವರ್ಷ ಅಜ್ಜ ಅಜ್ಜಿಯರಿಗೇ ಬಿಟ್ಟುಬಿಡುತ್ತಾನೆ. ೧೮ನೆಯ ಕಂತಿನಲ್ಲಿ ಅಪ್ಪ ಮಗಳು ಹೂವಿನ ಬಯಲಿನಲ್ಲಿದ್ದಾರೆ. ಅಪ್ಪ ಕೊಡಿಸಿದ ಆಟದ ಗೊಂಬೆ ಕಳೆದುಹೋಗಿದೆ. ಬೇರೆ ಕೊಡಿಸುತ್ತೇನೆಂದರೆ ಮಗು ಒಪ್ಪುವುದಿಲ್ಲ. ಅಪ್ಪ ಕೊಡಿಸಿದ ಮೊದಲನೆಯ ವಸ್ತು ಅದು. ಅಳುವುದಕ್ಕೆ ಎರಡೇ ಜಾಗಗಳೆಂದು ಅಜ್ಜಿ ಆ ಮಗುವಿಗೆ ಹೇಳಿಕೊಟ್ಟಿದ್ದಾಳೆ; ಒಂದು ಬಚ್ಚಲು, ಇನ್ನೊಂದು ಅಪ್ಪನ ತೋಳು. ಹೇಳಿಕೊಟ್ಟವಳು ಅದೇ ರೊಟ್ಟಿಯ ಸನಾಯೆ. ನಾವು ನಕ್ಕ ಮನೆಯೇ ಈ ಮಗುವನ್ನು ಸಾಕಿದೆ. ಟಿಪ್ಪಣಿ ಪುಸ್ತಕದಲ್ಲಿ ಈ ಕಂತಿಗೆ ಒಂದೇ ವಾಕ್ಯ: “ಇಲ್ಲಿ ನನಗೆ ಕೆಲಸವಿಲ್ಲ.”

ಕಾಳಿದಾಸನೂ ಹೀಗೆಯೇ ಮಾಡಿದ್ದಾನೆ. ಐದನೆಯ ಅಂಕದಲ್ಲಿ ಶಕುಂತಲೆ ಆಸ್ಥಾನಕ್ಕೆ ಬರುವ ಮುನ್ನ ರಾಜನು ಮಾಧವ್ಯನನ್ನು ಬೇರೆ ಕೆಲಸಕ್ಕೆ ಕಳಿಸಿರುತ್ತಾನೆ. ನಿರಾಕರಣೆಯ ವೇಳೆ ವಿದೂಷಕನಿಲ್ಲ. ನಗೆಗೆ ಎಡೆಯಿಲ್ಲದ ಸ್ಥಳವನ್ನು ಕವಿಯೂ ಬಲ್ಲ, ನಮ್ಮ ಟಿಪ್ಪಣಿಕಾರ್ತಿಯೂ ಬಲ್ಲಳು.

ದೋಷಗಳನ್ನೂ ಹೇಳದಿದ್ದರೆ ವಿಮರ್ಶೆ ಮುಗಿಯದು. ಕಣ್ಣೀರಿಗಾಗಿ ರೋಗವನ್ನು ತರುವುದು ಈ ಶಾಖೆಯ ಹಳೆಯ ಚಾಳಿ. ೨೦೧೪–೧೫ರ ‘ಶಿಗಾತ್ಸು ವಾ ಕಿಮಿ ನೊ ಉಸೊ’ ಸಂಗೀತದ ವಿಷಯದಲ್ಲಿ ಶ್ರೇಷ್ಠ ಕೃತಿ. ತನ್ನ ಪಿಯಾನೋ ತನಗೇ ಕೇಳಿಸದ ಹುಡುಗನ ಸಂಕಟ ನಿಜವಾದದ್ದು. ಆದರೆ ಪಿಟೀಲು ನುಡಿಸುವ ಹುಡುಗಿ ಮೊದಲ ಬಾರಿ ಕುಸಿದೊಡನೆಯೇ ಕೊನೆ ಕಾಣುತ್ತದೆ. “ಕರವಸ್ತ್ರಕ್ಕೆ ಇಸ್ತ್ರಿ ಹಾಕಿ ಇಡಿ” ಎಂಬ ಟಿಪ್ಪಣಿಯಲ್ಲಿ ನ್ಯಾಯವಿದೆ. ಹುಡುಗಿ ಹುಡುಗನನ್ನು ಹೊಡೆಯುವುದನ್ನು ತಾಯ್ಗಾಳ ಕಥೆ ಬರಿಯ ತಮಾಷೆಯೆಂದು ಕಾಣುವುದನ್ನೂ ನಾವು ಒಪ್ಪಲಾರೆವು. ಈ ಒಂದು ಕಡೆ ಟಿಪ್ಪಣಿಕಾರ್ತಿಗೂ ನಮಗೂ ಭಿನ್ನಾಭಿಪ್ರಾಯ; ಆಕೆ ನಕ್ಕಿದ್ದಾಳೆ, ನಮಗೆ ನಗೆ ಬರಲಿಲ್ಲ.

ಭರತನು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕೊನೆಯವು ಅಧಮರಿಗೆ. ಆತನು ನೋಡಿದ್ದು ಹಲ್ಲು ಕಂಡಿತೇ, ಹೆಗಲು ಕುಣಿಯಿತೇ ಎಂಬ ದೇಹಲಕ್ಷಣಗಳನ್ನು. ಉಪಾಧ್ಯಾಯರಾದ ನಾವು ಇದಕ್ಕೆ ಇನ್ನೊಂದು ಅಳತೆ ಸೇರಿಸಬಹುದು: ನಕ್ಕವನು ಬಳಿಯಿದ್ದನೇ, ಮೇಲಿದ್ದನೇ?

ಇದನ್ನು ಹೇಳುವಾಗ ನಮ್ಮದೊಂದು ತಪ್ಪನ್ನು ಮರೆಮಾಚುವುದು ಸರಿಯಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹತ್ತನೆಯ ತರಗತಿಯ ಹುಡುಗನೊಬ್ಬ ಬರೆದಿಟ್ಟಿದ್ದ ಪ್ರೇಮಪತ್ರ ನಮ್ಮ ಕೈಗೆ ಸಿಕ್ಕಿತು. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆವು. ಕಾಗುಣಿತದ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದೆವು. ಮಕ್ಕಳೆಲ್ಲ ನಕ್ಕರು, ಶಿಸ್ತು ಕಲಿಸಿದೆವೆಂದು ನಾವು ಹಿಗ್ಗಿದೆವು. ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೂ ಆ ವರ್ಷವಿಡೀ ಪ್ರಬಂಧದ ಪುಸ್ತಕದಲ್ಲಿ ಮೂರು ಸಾಲಿಗಿಂತ ಹೆಚ್ಚು ಬರೆಯಲಿಲ್ಲ. ಅವನ ಪತ್ರಕ್ಕಿಂತ ತಾಯ್ಗಾಳ ಖಾಲಿ ಲಕೋಟೆ ಹೆಚ್ಚು ನಗೆಗೀಡಾದದ್ದೇ. ಆದರೆ ಅವಳಿಗೆ ನಕ್ಕ ರ್ಯೂಜಿ ಅನ್ನ ಹುರಿದು ಬಡಿಸಿದ. ನಾವು ಬಡಿಸಿದ್ದು ಕೆಂಪು ಶಾಯಿ.

ಶಾಕುಂತಲದ ಎರಡನೆಯ ಅಂಕದಲ್ಲಿ ರಾಜನು, ಗುಟ್ಟು ಅಂತಃಪುರಕ್ಕೆ ತಿಳಿದೀತೆಂದು ಹೆದರಿ, ತನ್ನ ಪ್ರೇಮವೆಲ್ಲ ತಮಾಷೆಯೆಂದು ಮಾಧವ್ಯನಿಗೆ ಹೇಳಿಬಿಡುತ್ತಾನೆ. ಆರನೆಯ ಅಂಕದಲ್ಲಿ ವಿದೂಷಕನು ಅದನ್ನೇ ನೆನಪಿಸುತ್ತಾನೆ. ಅಷ್ಟರಲ್ಲಿ ಎಲ್ಲವೂ ಕೈಮೀರಿದೆ. ನಿಜವಾದದ್ದನ್ನು ತಮಾಷೆಯೆಂದು ತಳ್ಳಿಹಾಕಿದರೆ ತೆರಬೇಕಾದ ಬೆಲೆ ಅದು. ನಮ್ಮ ತರಗತಿಗಳಲ್ಲಿ ಹದಿನೈದು ವರ್ಷದವರು ದಿನವೂ ಹಾಗೆ ತಳ್ಳಿಹಾಕುತ್ತಿರುತ್ತಾರೆ. ನಮಗೆ ಹೆದರಿ ತಳ್ಳಿಹಾಕುವುದೇ ಹೆಚ್ಚು.

ಆದುದರಿಂದ ಸಹೋದ್ಯೋಗಿ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳು ಜಪಾನಿನ ಚಿತ್ರ ನೋಡಿ ಕೆಟ್ಟರೆಂದು ಕೈಚೆಲ್ಲುವ ಮುನ್ನ, ನೋಡಿ ಏನೆಂದು ನಕ್ಕರೆಂದು ಒಮ್ಮೆ ಕೇಳಿರಿ. ಸಾಧ್ಯವಾದರೆ ಬರೆಯಲು ಹೇಳಿರಿ. ರಸಪ್ರಕರಣದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ನಮಗೆ ತಿಳಿಯದು. ಬರೆದು ತಂದುದರಲ್ಲಿ ಕಾಗುಣಿತ ತಪ್ಪಿದ್ದರೆ ಮೆಲ್ಲಗೆ, ಅವರ ಮೇಜಿನ ಬಳಿಗೇ ಹೋಗಿ, ಅವರೊಬ್ಬರಿಗೇ ಹೇಳಿರಿ.