ಬೆಂಚು ಮತ್ತು ಬಿದಿರು: ಬಿರ್ಲಾ ಅವರ ಪುಸ್ತಕ ಓದಿದ ಮೇಲೆ

ಘನಶ್ಯಾಮದಾಸ ಬಿರ್ಲಾ ಅವರು ಗಾಂಧೀಜಿಯ ಒಡನಾಟದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ನೆನಪಿನ ಪುಸ್ತಕ 1953ರಲ್ಲಿ ಬಂತು. ಅದರ ಹೆಸರನ್ನು ‘ಮಹಾತ್ಮರ ನೆರಳಿನಲ್ಲಿ’ ಅನ್ನಬಹುದು. ಅದರಲ್ಲಿ ಬಹುಪಾಲು ಕಾಗದಗಳೇ: ಗಾಂಧೀಜಿಗೆ, ವೈಸರಾಯರಿಗೆ, ಲಂಡನ್ನಿನ ದೊಡ್ಡವರಿಗೆ. ಓದೋಕೆ ತಾಳ್ಮೆ ಬೇಕು. ಆದರೂ ಒಂದು ಸಣ್ಣ ಸಂಗತಿ ನನ್ನನ್ನು ಹಿಡಿದು ಕೂರಿಸಿತು.

1894ರಲ್ಲಿ ಪಿಲಾನಿಯಲ್ಲಿ ಹುಟ್ಟಿದ ಈ ಮಾರವಾಡಿ ಹುಡುಗ ಹದಿನಾರನೇ ವಯಸ್ಸಿಗೆ ಕಲ್ಕತ್ತೆಯಲ್ಲಿ ದಲ್ಲಾಳಿ ಕೆಲಸಕ್ಕೆ ಇಳಿದ. ಇಂಗ್ಲಿಷರ ಆಫೀಸಿಗೆ ಹೋದರೆ ಲಿಫ್ಟು ಹತ್ತುವ ಹಾಗಿಲ್ಲ. ಕಾಯುವಾಗ ಬೆಂಚಿನ ಮೇಲೆ ಕೂರುವ ಹಾಗೂ ಇಲ್ಲ. ರಾಜಕೀಯದ ಕಡೆ ಮನಸ್ಸು ತಿರುಗಿದ್ದು ಈ ಅವಮಾನದಿಂದಲೇ ಎಂದು ಅವರು ಬರೆದಿದ್ದಾರೆ. ನನಗೆ ಪುಸ್ತಕದಲ್ಲಿ ಅತ್ಯಂತ ಹಿಡಿಸಿದ ಮಾತು ಇದು.

1926ರಲ್ಲಿ ಅವರು ಕೇಂದ್ರ ಶಾಸನಸಭೆಗೆ ಆರಿಸಿಬಂದರು. ಬ್ರಿಟಿಷ್ ಬಟ್ಟೆಗೆ ಸುಂಕದಲ್ಲಿ ರಿಯಾಯಿತಿ ಕೊಡುವುದನ್ನು ವಿರೋಧಿಸಿ 1930ರಲ್ಲಿ ಸ್ಥಾನ ಬಿಟ್ಟರು. ದೊಡ್ಡ ಕೆಲಸವೇ. ಆದರೆ ಅವರಿಗೆ ಬಟ್ಟೆ ಗಿರಣಿಗಳೂ ಇದ್ದವು. ದೇಶದ ಹಿತ, ಗಿರಣಿಯ ಹಿತ ಎರಡೂ ಒಂದೇ ದಾರಿಯಲ್ಲಿ ನಡೆದಾಗ ನಿಲುವು ತೆಗೆದುಕೊಳ್ಳುವುದು ಅಷ್ಟು ಕಷ್ಟವಲ್ಲ. ದಾರಿ ಕವಲಾದಾಗ ಏನು? ಅದರ ಉತ್ತರಕ್ಕೆ ನಾವು ದೂರ ಹೋಗಬೇಕಿಲ್ಲ, ನಮ್ಮ ಕಾಡನ್ನು ನೋಡಿದರೆ ಸಾಕು.

ವಯನಾಡಿನ ಬಿದಿರು ಘಟ್ಟ ಇಳಿದು ಮಾವೂರಿಗೆ ಹೋದದ್ದು ಹಿರಿಯರಿಗೆಲ್ಲ ಗೊತ್ತು. 1963ರಲ್ಲಿ ಚಾಲಿಯಾರ್ ಹೊಳೆಯ ದಂಡೆಯಲ್ಲಿ ಬಿರ್ಲಾ ಬಳಗದ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆ ಶುರುವಾಯಿತು. ಸರಕಾರ ಅದಕ್ಕೆ ಬಿದಿರು ಕೊಟ್ಟದ್ದು ತೀರಾ ಅಗ್ಗದ ದರಕ್ಕೆ. ಅದೇ ಬಿದಿರಿನಿಂದ ಬುಟ್ಟಿ, ಮೊರ ಹೆಣೆದು ಬದುಕುವ ಊರಾಳಿ ಕುರುಮರಿಗೆ ಅಂಥ ಕರಾರು ಯಾರು ಬರೆದುಕೊಟ್ಟರು? ಹೊಳೆ ನೀರು ಕೆಟ್ಟಿತು. ಕೆಳಗಿನ ಊರುಗಳ ಜನ ವರ್ಷಗಟ್ಟಲೆ ಹೋರಾಡಿದರು. 2001ರಲ್ಲಿ ಕಾರ್ಖಾನೆ ಮುಚ್ಚಿದಾಗ ಕೆಲಸದವರ ಅನ್ನವೂ ಹೋಯಿತು.

“1953ರ ಪುಸ್ತಕದ ಹತ್ರ 1963ರ ಲೆಕ್ಕ ಕೇಳೋದು ಸರಿಯಾ?” ಅಂತ ನಮ್ಮ ಮೇಷ್ಟ್ರೊಬ್ಬರು ಕೇಳಿದರು. ಮಾತು ಸರಿಯೇ. ಕಾರ್ಖಾನೆಯನ್ನು ಕರೆಸಿದ್ದು ಜನ ಆರಿಸಿದ ಸರಕಾರ. ಅದರ ಸಂಬಳದಿಂದ ಎಷ್ಟೋ ಮನೆ ನಡೆದವು. 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘಕ್ಕೆ ಮೊದಲ ಅಧ್ಯಕ್ಷರಾದವರು ಬಿರ್ಲಾ. ಗಾಂಧೀಜಿ ಕೊನೆಯ ದಿನಗಳನ್ನು ಕಳೆದದ್ದೂ ಅವರ ದಿಲ್ಲಿಯ ಮನೆಯಲ್ಲೇ. ಇದನ್ನೆಲ್ಲ ಮರೆಯಬಾರದು.

ಆದರೆ ಪುಸ್ತಕದೊಳಗೇ ಒಂದು ಕೊರತೆ ಇದೆ. ಕಾಗದ ಬರೆಯಬಲ್ಲ ದೊಡ್ಡವರ ದನಿ ಅಲ್ಲಿ ಚೆನ್ನಾಗಿ ಕೇಳುತ್ತದೆ. ಗಿರಣಿಯಲ್ಲಿ ದುಡಿದವನ ದನಿ ನನಗೆ ಕೇಳಲಿಲ್ಲ. ಬೆಂಚಿನ ಮುಂದೆ ನಿಂತು ಕಾದವರು ಬರೆದ ಪುಸ್ತಕವಾದ್ದರಿಂದಲೇ ಈ ಕೊರತೆ ಹೆಚ್ಚು ನೋಯಿಸುತ್ತದೆ.

ಆದರೂ ಓದಿ. ಆ ಬೆಂಚಿನ ಸಂಗತಿಯನ್ನು ಶಾಲೆ ಮಕ್ಕಳಿಗೆ ಹೇಳಿ. ಮುಂದೆ ಯಾರಾದರೂ ಉದ್ಯಮಿ ಓಟು ಕೇಳಿಕೊಂಡು ನಮ್ಮೂರಿಗೆ ಬಂದರೆ, ಅವರ ಆಫೀಸಿನ ಬೆಂಚಿನ ಮೇಲೆ ಯಾರಿಗೆಲ್ಲ ಕೂರಲು ಬಿಡುತ್ತಾರೆ ಅಂತ ಮೊದಲು ಕೇಳೋಣ.