ದುಷ್ಟನ ಪತನವೂ ನೋಡುಗನ ಮರುಕವೂ: ‘ಲಿಟಲ್ ಸೀಸರ್’ ಚಿತ್ರವನ್ನು ಕುರಿತು

ಕೊಲೆಗಾರನೊಬ್ಬನು ಪೊಲೀಸರ ಗುಂಡಿಗೆ ಸಿಕ್ಕಿ ಬೀಳುತ್ತಾನೆ. ಅವನ ಅಪರಾಧಗಳನ್ನೆಲ್ಲ ನಾವು ಕಣ್ಣಾರೆ ಕಂಡಿರುತ್ತೇವೆ. ದಂಡನೆಯು ನ್ಯಾಯವಾದುದೆಂದು ನಮ್ಮ ಬುದ್ಧಿ ಒಪ್ಪುತ್ತದೆ. ಆದರೂ ಎದೆಯೊಳಗೆ ಏನೋ ಕಲಕುತ್ತದೆ. ಈ ಮರುಕವು ನೋಡುಗನ ನೀತಿಯ ದೌರ್ಬಲ್ಯವೋ ಅಥವಾ ಕೃತಿಯ ಶಕ್ತಿಯೋ? ಮರ್ವಿನ್ ಲೆರಾಯ್ ನಿರ್ದೇಶಿಸಿದ ‘ಲಿಟಲ್ ಸೀಸರ್’ ಎಂಬ ಹಾಲಿವುಡ್ ಚಿತ್ರದ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಡಬ್ಲ್ಯೂ. ಆರ್. ಬರ್ನೆಟ್ 1929ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದರ ಮೂಲ. ಚಿತ್ರವು 1931ರ ಜನವರಿಯಲ್ಲಿ ತೆರೆ ಕಂಡಿತು. ಅದೇ ವರ್ಷ ‘ದಿ ಪಬ್ಲಿಕ್ ಎನಿಮಿ’, ಮರುವರ್ಷ ‘ಸ್ಕಾರ್‌ಫೇಸ್’ ಬಂದು, ಪಾತಕಿಯ ಏಳುಬೀಳಿನ ಕಥೆಗೆ ಒಂದು ಸಿದ್ಧರೂಪವೇ ಏರ್ಪಟ್ಟಿತು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದ ಕಾಲವದು; ಕಳ್ಳಮದ್ಯದ ಹಣದಿಂದ ನಗರಗಳಲ್ಲಿ ಗುಂಪುಗಳು ಕೊಬ್ಬಿದ್ದವು. 1949ರ ಮುಂಬಯಿ ಪಾನನಿಷೇಧ ಕಾಯಿದೆಯ ತರುವಾಯ ನಮ್ಮ ಖಾಡಿಗಳ ದಂಡೆಯಲ್ಲಿ ಕಳ್ಳಭಟ್ಟಿಗಳು ಎದ್ದ ಕಥೆಯನ್ನು ಬಲ್ಲ ಠಾಣೆ, ಡೊಂಬಿವಲಿ, ಕಲ್ಯಾಣಗಳ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಥೆ ಸರಳವಾದುದು. ರಿಕೊ ಎಂಬವನು ಸಣ್ಣಪುಟ್ಟ ದರೋಡೆಗಳಿಂದ ಬದುಕುವ ಕುಳ್ಳ ಮನುಷ್ಯ. ಒಂದು ಪೆಟ್ರೋಲ್ ಬಂಕನ್ನು ದೋಚಿ, ಊಟದಂಗಡಿಯೊಂದನ್ನು ಹೊಕ್ಕು, ತಾನು ಮೊದಲೇ ಬಂದಿದ್ದೆನೆಂದು ತೋರಿಸಿಕೊಳ್ಳಲು ಗೋಡೆಯ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾನೆ. ಅಲ್ಲಿಯೇ ಪತ್ರಿಕೆಯಲ್ಲಿ ದೊಡ್ಡ ಪಾತಕಿಯೊಬ್ಬನ ಗೌರವಾರ್ಥ ನಡೆದ ಔತಣದ ವರದಿಯನ್ನು ಓದಿ, ತಾನೂ ‘ಯಾರೋ ಒಬ್ಬ’ನಾಗಬೇಕೆಂದು ಗೆಳೆಯ ಜೋನೊಡನೆ ಮಹಾನಗರಕ್ಕೆ ಹೊರಡುತ್ತಾನೆ. ಜೋ ನರ್ತಕನಾಗುತ್ತಾನೆ, ರಿಕೊ ಒಬ್ಬೊಬ್ಬ ನಾಯಕನನ್ನೂ ತಳ್ಳುತ್ತ ಮೇಲೇರುತ್ತಾನೆ. ಪಶ್ಚಾತ್ತಾಪದಿಂದ ಪಾದ್ರಿಯ ಬಳಿಗೆ ಹೊರಟ ತನ್ನ ಗುಂಪಿನವನನ್ನೇ ಚರ್ಚಿನ ಮೆಟ್ಟಿಲ ಮೇಲೆ ಕೊಲ್ಲುತ್ತಾನೆ. ಕಡೆಗೆ ಅವನಿಗೂ ಔತಣವಾಗುತ್ತದೆ, ಚಿನ್ನದ ಗಡಿಯಾರದ ಕಾಣಿಕೆಯಾಗುತ್ತದೆ. ಆದರೆ ಆ ಗಡಿಯಾರವೂ ಕದ್ದ ಮಾಲು!

ಎರಡು ದಶಕಗಳಿಂದ ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಕುಳಿತ ನನಗೆ ಚಿತ್ರದ ಸಾರವೆಲ್ಲ ಈ ಗಡಿಯಾರದಲ್ಲಿ ಅಡಗಿದಂತೆ ತೋರಿತು. ರಿಕೊನ ಜಮೆಯ ಪುಟದಲ್ಲಿ ಬರೆದುದೆಲ್ಲವೂ ಪರರ ಸೊತ್ತೇ. ಕಾಲವನ್ನು ಹಿಂದಕ್ಕೆ ತಿರುಗಿಸಿ ಹೊರಟವನಿಗೆ ದೊರೆತ ಬಹುಮಾನ ಕದ್ದ ಕಾಲ. ಇನ್ನೂ ಒಂದು ಮಾತು: ಅವನು ಏರುವಾಗ ಹಣಕ್ಕೂ, ಹೆಣ್ಣಿಗೂ, ಮದ್ಯಕ್ಕೂ ಆಸೆಪಟ್ಟವನಲ್ಲ. ಅವನಿಗೆ ಬೇಕಾದುದು ಹೆಸರು ಮಾತ್ರ. ಎಡ್ವರ್ಡ್ ಜಿ. ರಾಬಿನ್ಸನ್ನನ ಅಭಿನಯದಲ್ಲಿ ಈ ಹಸಿವು ಕಣ್ಣಿನಲ್ಲಿ, ತುಟಿಯಲ್ಲಿ, ನಿಲ್ಲುವ ಭಂಗಿಯಲ್ಲಿ ಉರಿಯುತ್ತದೆ. ಉಳಿದಂತೆ ಚಿತ್ರದಲ್ಲಿ ಕೊರತೆಗಳಿಲ್ಲದಿಲ್ಲ. ವಾಕ್‌ಚಿತ್ರದ ಶೈಶವದಲ್ಲಿ ಹುಟ್ಟಿದ್ದರಿಂದ ಹಲವು ದೃಶ್ಯಗಳು ನಾಟಕದ ಅಂಕದಂತೆ ನಿಂತುಬಿಡುತ್ತವೆ. ಜೋ ಮತ್ತು ಓಲ್ಗಾ ಅವರ ಪ್ರೇಮವು ಪೇಲವವಾಗಿದೆ.

ರಾಬರ್ಟ್ ವಾರ್ಶೋ ಎಂಬ ವಿಮರ್ಶಕನು 1948ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇಂಥ ಪಾತಕಿಯನ್ನು ದುರಂತ ನಾಯಕನೆಂದೇ ಪರಿಗಣಿಸಿದ್ದಾನೆ. ಗೆಲುವು ಮನುಷ್ಯನನ್ನು ಗುಂಪಿನಿಂದ ಬೇರ್ಪಡಿಸುತ್ತದೆ, ಒಂಟಿಯಾದವನು ಸಾಯುತ್ತಾನೆ ಎಂಬುದು ಅವನ ವಾದದ ತಿರುಳು. ಈ ವಾದವು ತೂಕವುಳ್ಳದ್ದು. ಆದರೆ ‘ಲಿಟಲ್ ಸೀಸರ್’ ಚಿತ್ರಕ್ಕೆ ಇದು ಪೂರ್ಣವಾಗಿ ಒಪ್ಪುವುದಿಲ್ಲವೆಂದು ನನ್ನ ಅಭಿಪ್ರಾಯ. ರಿಕೊ ಬಿದ್ದುದು ಒಂಟಿಯಾದುದರಿಂದಲ್ಲ, ಪೂರ್ತಿ ಒಂಟಿಯಾಗಲಾರದೆ ಹೋದುದರಿಂದ. ತನ್ನನ್ನು ತೊರೆದ ಜೋನನ್ನು ಕೊಲ್ಲಲು ಬಂದವನು ಪಿಸ್ತೂಲು ಹಿಡಿದು ಎದುರು ನಿಂತು, ಗುಂಡು ಹಾರಿಸಲಾರದೆ ಕಣ್ಣು ತೇವ ಮಾಡಿಕೊಂಡು ಹಿಂದೆ ಸರಿಯುತ್ತಾನೆ. ಅವನ ಬಾಳಿನಲ್ಲಿ ನಮಗೆ ಕಾಣಸಿಗುವ ಏಕೈಕ ಕರುಣೆಯದು. ಅವನ ಸರ್ವನಾಶಕ್ಕೆ ಬಾಗಿಲು ತೆರೆದುದೂ ಅದೇ.

ಇಲ್ಲಿ ನಮ್ಮ ರನ್ನನ ನೆನಪಾಗದಿರದು. ‘ಗದಾಯುದ್ಧ’ದ ದುರ್ಯೋಧನನು ಭೀಷ್ಮನ ಮಾತಿಗೊಪ್ಪಿ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮನ ಮೂದಲೆ ಕಿವಿಗೆ ಬಿದ್ದಾಗ, ನೀರಿನೊಳಗಿದ್ದೂ ರೋಷದಿಂದ ಬೆವರಿ ಮೇಲೆದ್ದು ಬರುತ್ತಾನೆ. ಎಲ್ಲವನ್ನೂ ಕಳೆದುಕೊಂಡ ರಿಕೊ ದಿಕ್ಕಿಲ್ಲದವರು ಕೆಲವು ಕಾಸಿಗೆ ಮಲಗುವ ತಂಗುದಾಣದಲ್ಲಿ ಅಡಗಿದ್ದಾನೆ. ಫ್ಲಾಹರ್ಟಿ ಎಂಬ ಪೊಲೀಸನು ಅವನನ್ನು ಹೇಡಿಯೆಂದು ಪತ್ರಿಕೆಯಲ್ಲಿ ಹೀಯಾಳಿಸುತ್ತಾನೆ. ರಿಕೊನಿಗೆ ತಡೆಯಲಾಗುವುದಿಲ್ಲ, ಫೋನು ಮಾಡಿ ತಾನಾಗಿಯೇ ತನ್ನ ಸುಳಿವು ಕೊಡುತ್ತಾನೆ. ಇಬ್ಬರನ್ನೂ ಹೊರಗೆಳೆದುದು ಶತ್ರುವಿನ ಬಲವಲ್ಲ, ತಮ್ಮದೇ ಅಭಿಮಾನ. ಲೆರಾಯ್ ರನ್ನನನ್ನು ಅರಿತಿದ್ದನೆಂದು ಯಾರೂ ಹೇಳಲಾರರು. ಅಭಿಮಾನಧನನ ಪತನಕ್ಕೆ ಎಲ್ಲ ಕಾಲಗಳಲ್ಲಿಯೂ ಒಂದೇ ದಾರಿಯೆಂದಷ್ಟೇ ಇದರಿಂದ ತಿಳಿಯಬೇಕು.

ಆದರೆ ಸಾಮ್ಯವು ಇಲ್ಲಿಗೇ ನಿಲ್ಲುತ್ತದೆ. ದುರ್ಯೋಧನನು ರಣಭೂಮಿಯಲ್ಲಿ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಮರುಗುತ್ತಾನೆ. ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಸತ್ತವರಿಗಾಗಿ ಅಳಬಲ್ಲವನಾದುದರಿಂದಲೇ ಅವನು ಮಹಾನುಭಾವ. ರಿಕೊ ಯಾರಿಗಾಗಿಯೂ ಅಳುವುದಿಲ್ಲ. ಸಾಯುವ ಗಳಿಗೆಯಲ್ಲಿಯೂ, ‘ರಿಕೊ’ ಎಂಬ ತನ್ನ ಹೆಸರು ಮುಗಿಯಿತೇ ಎಂಬುದೊಂದೇ ಅವನ ಬೆರಗು. ಅವನು ಬಿದ್ದುದು ಜೋ ಮತ್ತು ಓಲ್ಗಾ ಅವರ ನೃತ್ಯದ ದೊಡ್ಡ ಜಾಹೀರಾತು ಫಲಕದ ಹಿಂದೆ. ಮುಂದೆ ಗೆಳೆಯನ ಹೆಸರು, ಹಿಂದೆ ಹೆಸರಿಗಾಗಿ ಸತ್ತವನು.

ನಮ್ಮ ದೇಶದ ಚಿತ್ರಗಳು ಇದೇ ವಸ್ತುವನ್ನು ಬೇರೆಯಾಗಿ ನಡೆಸಿಕೊಂಡಿವೆ. ‘ದೀವಾರ್’ (1975) ಚಿತ್ರದ ವಿಜಯನಿಗೆ ತಂದೆಯ ಅವಮಾನವಿದೆ. ‘ನಾಯಕನ್’ (1987) ಚಿತ್ರದ ವೇಲುವಿಗೆ ತಂದೆಯ ಕೊಲೆಯಿದೆ. ಕನ್ನಡದ ‘ಓಂ’ (1995) ಚಿತ್ರದಲ್ಲಿ ಅರ್ಚಕನ ಮಗನು ರೌಡಿಯಾಗುವುದಕ್ಕೆ ಪ್ರೇಮದ ಹಿನ್ನೆಲೆಯಿದೆ. ಪಾಪಕ್ಕೆ ಮೊದಲೇ ಸಮಾಧಾನವನ್ನು ಒದಗಿಸಿ ಅನಂತರ ಮರುಕವನ್ನು ಬೇಡುವ ರೀತಿಯಿದು. ‘ಆ ದಿನಗಳು’ (2007) ಮಾತ್ರ ಭಿನ್ನ. ಗಿರೀಶ ಕಾರ್ನಾಡ ಮತ್ತು ಅಗ್ನಿ ಶ್ರೀಧರ್ ಚಿತ್ರಕಥೆ ರಚಿಸಿದ ಈ ಕೃತಿಯಲ್ಲಿ ಬೆಂಗಳೂರಿನ ಕೊತ್ವಾಲ ರಾಮಚಂದ್ರನ ಏರಿಕೆಯ ವಿಸ್ತಾರವಿಲ್ಲ. ಅವನ ಅಂತ್ಯದ ಸಂಚೇ ವಸ್ತು. ಅಲ್ಲಿ ನಮಗೆ ಕಾಣುವುದು ಪಾತಕಿಯ ವೈಭವವಲ್ಲ, ಅವನ ನೆರಳಿನಲ್ಲಿ ಬದುಕುವವರ ಭಯ. ನೆಪಗಳನ್ನು ಒಡ್ಡದಿರುವ ಈ ನಿಷ್ಠುರತೆಯಲ್ಲಿ ಅದು ‘ಲಿಟಲ್ ಸೀಸರ್’ ಚಿತ್ರಕ್ಕೆ ಸಮೀಪವಾದುದು.

ಈಗ ಮೊದಲ ಪ್ರಶ್ನೆಗೆ ಬರೋಣ. ರಿಕೊನ ಏರಿಕೆಗೆ ಚಿತ್ರವು ಯಾವ ನೆಪವನ್ನೂ ಕೊಡದಿರುವುದರಿಂದ, ನಮ್ಮ ಮರುಕಕ್ಕೂ ನೆಪವಿಲ್ಲ. ನಾವು ಮರುಗುವುದು ಅವನ ಕೃತ್ಯಗಳಿಗಲ್ಲ, ಅವನ ಬಯಕೆಗೆ. ಆ ಬಯಕೆ ನಮಗೆ ಅಪರಿಚಿತವಲ್ಲ. ಈ ಭಾಗದ ಕನ್ನಡಿಗರಲ್ಲಿ ಹಲವರು, ಅಥವಾ ಅವರ ಹಿರಿಯರು, ಬರಿಗೈಯಲ್ಲಿ ಮಹಾನಗರಕ್ಕೆ ಬಂದವರೇ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಕಲಿತವರೂ ‘ಯಾರೋ ಒಬ್ಬ’ರಾಗಲೆಂದೇ ಬಂದಿದ್ದರು. ಬಯಕೆ ಒಂದೇ, ಕೊಟ್ಟ ಬೆಲೆ ಬೇರೆ: ಅವರು ತಮ್ಮ ನಿದ್ರೆಯನ್ನು ತೆತ್ತರು, ರಿಕೊ ಪರರ ಪ್ರಾಣವನ್ನು ತೆತ್ತನು. ಈ ವ್ಯತ್ಯಾಸವನ್ನು ಮರೆತು ಮರುಗಿದರೆ ಅದು ದೌರ್ಬಲ್ಯ. ನೆನಪಿನಲ್ಲಿಟ್ಟುಕೊಂಡು ಮರುಗಿದರೆ ಅದು ವಿವೇಕ. ‘ಲಿಟಲ್ ಸೀಸರ್’ ನಮ್ಮಿಂದ ಬೇಡುವುದು ಎರಡನೆಯದನ್ನೇ. ಅದಕ್ಕಾಗಿಯೇ ಇಷ್ಟು ದಶಕಗಳ ಮೇಲೂ ಅದು ನೋಡತಕ್ಕ ಚಿತ್ರವಾಗಿ ಉಳಿದಿದೆ.